ಆದಿನಾರಾಯಣಪ್ಪನ ಆರು ಖಾನೆಯ ಡಬ್ಬಿ

ಬೆಂಗಳೂರಿನ ಹತ್ತಿರದ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಬೋರ್ಡಿನ ಮೇಲೆ ‘ಮೀಟರ್ ರಿಪೇರಿ’ ಎಂದಷ್ಟೇ ಬರೆದಿದೆ. ಆದರೆ ಬೆಳಗಿನ ಹೊತ್ತು ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಮಗು ಎತ್ತಿಕೊಂಡ ತಾಯಂದಿರು. ಅಂಗಡಿಯ ಆದಿನಾರಾಯಣಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು, ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಮಗುವಿನ ಹಣೆಯ ಮೇಲೆ ಇಡುತ್ತಾರೆ. ಕಣ್ಣು ಮುಚ್ಚುತ್ತಾರೆ.

“ನೂರೊಂದೂವರೆ. ಡಾಕ್ಟ್ರ ಹತ್ರ ಹೋಗಮ್ಮ, ಸುಮ್ನೆ ಕೂರ್ಬೇಡ.”

ಡಾಕ್ಟರ ಶಾಪಿನಲ್ಲಿ ಥರ್ಮಾಮೀಟರ್ ಇಟ್ಟಾಗ ನೂರೊಂದೂವರೆಯೇ ಬರುತ್ತದೆ. ಹೆಚ್ಚೆಂದರೆ ಒಂದು ಗೆರೆ ಆಚೀಚೆ.

ಮನೆಯಲ್ಲೂ ಅದೇ. ಹೆಂಡತಿ ವರಲಕ್ಷ್ಮಮ್ಮ ಕಾಫಿ ಲೋಟ ಕೈಗಿತ್ತರೆ, ತುಟಿಗೆ ತಾಗಿಸುವ ಮೊದಲೇ “ಐವತ್ತೆಂಟು” ಎನ್ನುತ್ತಾರೆ. “ಕುಡೀರಿ ಬೇಗ, ಇಲ್ದಿದ್ರೆ ನಲವತ್ತಾಗತ್ತೆ. ನನ್ನ ತಲೆ ಮಾತ್ರ ನೂರು ದಾಟತ್ತೆ” ಎಂದು ಆಕೆ ಒಳಗೆ ಹೋಗುತ್ತಾರೆ.

ಈ ಕೈ ಅವರಿಗೆ ಬಂದದ್ದು ಬೆಂಗಳೂರಿನ ಒಂದು ಕಾರ್ಖಾನೆಯಿಂದ. ಆ ಕಾರ್ಖಾನೆ ಈಗಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿನ ಪರೀಕ್ಷಾ ಕೋಣೆಯಲ್ಲಿ, ಉಷ್ಣತೆ ಅಳೆಯುವ ಸಲಕರಣೆಗಳು ಸರಿಯಾಗಿವೆಯೇ ಎಂದು ನೋಡುವುದು ಅವರ ಕೆಲಸವಾಗಿತ್ತು. ಕಲಿಸಿದವರು ಫೋರ್‌ಮನ್ ಲಾಲ್ ಸಾಬ್. ಆ ಕೋಣೆಯ ಮೇಜಿನ ಮೇಲೆ ಬೆರಳು ದಪ್ಪದ ಒಂದು ಅಲ್ಯೂಮಿನಿಯಂ ಹಲಗೆ ಇತ್ತು. ಬಂದುಹೋಗುವ ತಂತಿಗಳೆಲ್ಲ ಅದರ ಮೇಲೆಯೇ ಕೂಡುತ್ತಿದ್ದವು. ಹೊಸದಾಗಿ ಸೇರಿದ ಆದಿನಾರಾಯಣಪ್ಪ “ಇಷ್ಟು ದಪ್ಪ ಯಾಕೆ ಸಾರ್?” ಎಂದು ಕೇಳಿದ್ದಕ್ಕೆ ಲಾಲ್ ಸಾಬ್, “ಒಂದು ಮೂಲೇಲಿ ಕೈ ಇಟ್ರೆ ಇಡೀ ಹಲಗೆಗೆ ಗೊತ್ತಾಗ್ಬೇಕು ಕಣೋ, ಅದಕ್ಕೆ” ಎಂದಿದ್ದರು. ಕಾರ್ಖಾನೆ ಮುಚ್ಚಿದ ದಿನ ಒಬ್ಬೊಬ್ಬರು ಒಂದೊಂದು ವಸ್ತುವನ್ನು ನೆನಪಿಗೆಂದು ಕೇಳಿ ತಂದರು. ಆದಿನಾರಾಯಣಪ್ಪ ಆ ಹಲಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಿಜಯಪುರಕ್ಕೆ ತಂದರು. ಬೆಕ್ಕು ಮುಟ್ಟದಂತೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಹೇರಲು ಅದು ವರಲಕ್ಷ್ಮಮ್ಮನಿಗೆ ಒದಗಿತು. ಅಂದಿನಿಂದ ಅಲ್ಲೇ ಇತ್ತು.

ಊರಿಗೆ ಬಂದ ಮೇಲೆ ಅವರು ಸ್ವಂತ ಬುದ್ಧಿಯಿಂದ ಮಾಡಿದ ವಸ್ತು ಒಂದೇ: ಗೂಡು ಒಣಗಿಸುವವರಿಗಾಗಿ ಒಂದು ಡಬ್ಬಿ. ರೇಷ್ಮೆಗೂಡನ್ನು ಕೂಡಿಡಬೇಕಾದರೆ ಒಳಗಿನ ಹುಳು ಪೂರ್ತಿ ಒಣಗಬೇಕು. ಬಿಸಿ ಕಡಿಮೆಯಾದರೆ ಹುಳುವಿನಲ್ಲಿ ಪಸೆ ಉಳಿದು ಗೂಡಿಗೆ ಬೂಷ್ಟು ಹಿಡಿಯುತ್ತದೆ. ಹೆಚ್ಚಾದರೆ ನೂಲು ಪೆಳಸಾಗಿ ಕಿತ್ತುಹೋಗುತ್ತದೆ. ಒಣಗಿಸುವ ಬೀರುವಿಗೆ ಆರು ಖಾನೆ, ಖಾನೆಗೊಂದು ಹೀಟರ್. ಆರಕ್ಕೂ ಬೇರೆ ಬೇರೆ ಮೀಟರ್ ಹಾಕಿಸುವ ಶಕ್ತಿ ಗೂಡಿನಿಂದ ನೂಲು ತೆಗೆಯುವ ಊರಿನ ಸಣ್ಣ ರೀಲಿಂಗ್ ಶೆಡ್ಡುಗಳಿಗಿರಲಿಲ್ಲ. ಆದಿನಾರಾಯಣಪ್ಪ ಆರನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿದರು. ಒಂದು ಗುಂಡಿ ತಿರುಗಿಸಿದರೆ ಒಂದರಿಂದ ಆರರವರೆಗೆ ಪ್ರತಿ ಖಾನೆಯ ಬಿಸಿ ಕೆಂಪು ಅಂಕಿಯಲ್ಲಿ ಕಾಣುತ್ತಿತ್ತು. ಬೇಕಾದಷ್ಟು ಬಿಸಿ ಮುಟ್ಟಿದ ಖಾನೆಯ ಹೀಟರನ್ನು ಡಬ್ಬಿಯೇ ಆರಿಸುತ್ತಿತ್ತು.

ಖಾನೆಯೊಳಗೆ ಹೋಗುವುದು ಎರಡು ಬೇರೆ ಲೋಹಗಳ ಜೋಡಿ ತಂತಿ. ಅದಕ್ಕೆ ಒಂದು ಸ್ವಭಾವವಿದೆ. ಅಲ್ಲಿ ಎಷ್ಟು ಬಿಸಿ ಎಂದು ಅದು ಹೇಳಲಾರದು. ಇಲ್ಲಿಗಿಂತ ಅಲ್ಲಿ ಎಷ್ಟು ಹೆಚ್ಚು ಎಂದು ಮಾತ್ರ ಹೇಳುತ್ತದೆ. ಇಲ್ಲಿ, ಅಂದರೆ ಡಬ್ಬಿಯೊಳಗೆ ತಂತಿ ಬಂದು ಕೂಡುವ ಸ್ಕ್ರೂವಿನ ಹತ್ತಿರ, ಎಷ್ಟಿದೆ ಎಂದು ಹೇಳಲು ಇನ್ನೊಬ್ಬರು ಬೇಕು. ಅದಕ್ಕೆ ಹುರುಳಿಕಾಳಿನ ಗಾತ್ರದ ಒಂದು ಸೆನ್ಸರ್. ಕಂಪನಿಯವರು ತಂತಿಗೊಂದು ಸೆನ್ಸರ್ ಕೊಡುತ್ತಾರೆ. ಆದಿನಾರಾಯಣಪ್ಪ ಆರು ತಂತಿಗೂ ಸೇರಿ ಒಂದೇ ಕಾಳು ಇಟ್ಟರು. ಆರೂ ಒಂದೇ ಕಡೆ ಬಂದು ಕೂಡುವಾಗ ಒಂದೇ ಸಾಕು. ಅದು ತಪ್ಪು ಲೆಕ್ಕವೇನಲ್ಲ. ಮೂರು ವರ್ಷದಲ್ಲಿ ಹನ್ನೆರಡು ಡಬ್ಬಿ ಊರಿನಲ್ಲಿ ಗೋಡೆ ಏರಿದವು.

ಹನ್ನೆರಡನೆಯದು ತಬ್ರೇಜನ ಶೆಡ್ಡಿನಲ್ಲಿತ್ತು.

ತಬ್ರೇಜನಿಗೆ ಈಗ ನಲವತ್ತು. ಶೆಡ್ಡು ಅವನ ಅಪ್ಪನ ಕಾಲದ್ದು. ಗೂಡು ಒಣಗಿಸುವ ಮುನಿಲಕ್ಷ್ಮಮ್ಮನೂ ಅಪ್ಪನ ಕಾಲದವರೇ. ತಬ್ರೇಜ ಚಡ್ಡಿ ಹಾಕುತ್ತಿದ್ದಾಗಿನಿಂದ ಅಲ್ಲಿ ದುಡಿಯುತ್ತಿದ್ದವರು. ಮೊದಲು ಒಣಗಿದ್ದನ್ನು ಅವರು ಕಿವಿಯಿಂದ ತಿಳಿಯುತ್ತಿದ್ದರು. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುವುದು. ಒಳಗಿನ ಒಣಹುಳು ಗಲಗಲ ಎಂದರೆ ಆಯಿತು, ಮಂಕಾಗಿ ಹೊರಳಿದರೆ ಇನ್ನೂ ಬೇಕು. ಡಬ್ಬಿ ಬಂದ ಮೇಲೆ ತಬ್ರೇಜ ನಗುತ್ತಾ, “ಲಕ್ಷ್ಮಮ್ಮಾ, ಮೀಟರ್ ಇರೋವಾಗ ಕಿವಿ ಯಾಕೆ? ಡಬ್ಬಿ ಆಫ್ ಮಾಡ್ತು ಅಂದ್ರೆ ತೆಗೆದು ಚೀಲಕ್ಕೆ ಹಾಕಿ, ಅಷ್ಟೇ” ಎಂದಿದ್ದ. ಒಮ್ಮೆ ಅವರು, “ಆರನೇ ಖಾನೇದು ಗಲಗಲ ಅಂತಿಲ್ಲ ತಬ್ರೇಜಪ್ಪ” ಎಂದೂ ಹೇಳಿದ್ದರು. “ಅಂಕಿ ಸರಿ ಇದೆಯಲ್ಲ” ಎಂದು ಅವನು ತೋರಿಸಿದ. ಅಂಕಿ ಸರಿ ಇತ್ತು. ಅವರು ಗೂಡನ್ನು ಚೀಲಕ್ಕೆ ಸುರಿದರು.

ಮಳೆಗಾಲ ಮುಗಿಯುವ ಹೊತ್ತಿಗೆ, ಡಬ್ಬಿ ಬಂದ ನಾಲ್ಕನೆಯ ತಿಂಗಳಲ್ಲಿ, ಕೂಡಿಟ್ಟ ಚೀಲಗಳನ್ನು ಬಿಚ್ಚಿದರೆ ಕೆಲವು ಚೀಲಗಳಲ್ಲಿ ಗೂಡಿಗೆ ಹಸಿರು ಬೂಷ್ಟು. ತಬ್ರೇಜ ಆದಿನಾರಾಯಣಪ್ಪನನ್ನು ಕರೆಸಿದ. ಅದು ಸೋಮವಾರ. ಅವರು ಐಸು ತರಿಸಿ, ಒಂದು ಮಡಕೆ ನೀರಿಗೆ ಹಾಕಿ, ಆರೂ ತಂತಿಗಳ ತುದಿಯನ್ನು ಖಾನೆಗಳಿಂದ ಎಳೆದು ಆ ಒಂದೇ ಮಡಕೆಯಲ್ಲಿ ಅದ್ದಿದರು. ಗುಂಡಿ ತಿರುಗಿಸಿದರು. ಸೊನ್ನೆ. ಸೊನ್ನೆ. ಆರು ಸಲವೂ ಸೊನ್ನೆ.

ರೀಲಿಂಗಿನ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಆದಿನಾರಾಯಣಪ್ಪ ಎದ್ದು ನಿಂತು, “ನನ್ನ ಡಬ್ಬಿ ಸುಳ್ಳು ಹೇಳಲ್ಲ ತಬ್ರೇಜ್” ಎಂದರು. ಬೇರೇನನ್ನೂ ಅವರು ಹೇಳಲಿಲ್ಲ. ಆದರೆ ಡಬ್ಬಿ ಸರಿಯಿದ್ದ ಮೇಲೆ ತಪ್ಪು ಯಾರದೆಂದು ಹೇಳುವ ಅಗತ್ಯವೇ ಉಳಿಯಲಿಲ್ಲ. ಮುನಿಲಕ್ಷ್ಮಮ್ಮ ನಡುವೆ ಖಾನೆ ತೆರೆದಿರಬೇಕು, ಇಲ್ಲವೇ ಬೇಗ ಮನೆಗೆ ಹೋಗುವ ಆತುರದಲ್ಲಿ ಮೊದಲೇ ತೆಗೆದಿರಬೇಕು. ತಿಂಗಳ ಕೊನೆಯವರೆಗೆ ಬಂದು ಆಮೇಲೆ ನಿಲ್ಲಿಸಿಬಿಡಿ ಎಂದು ತಬ್ರೇಜ ಅವರಿಗೆ ಹೇಳಿದ. ಹೇಳುವಾಗ ಅವನು ಅವರ ಮುಖ ನೋಡಲಿಲ್ಲ.

ಮರುದಿನ ಮುನಿಲಕ್ಷ್ಮಮ್ಮ ಅಂಗಡಿಗೆ ಬಂದರು. ಬಂದವರು ಸೆರಗಿನ ಗಂಟು ಬಿಚ್ಚಿ ಏಳು ಸಣಬಿನ ದಾರಗಳನ್ನು ಮೇಜಿನ ಮೇಲೆ ಸುರಿದರು.

“ಏನಮ್ಮಾ ಇದು?”

“ಎಣಿಸಿ ಆದಣ್ಣ. ದಾರ ಅಲ್ಲ, ಗಂಟು ಎಣಿಸಿ.”

ಪ್ರತಿ ದಾರದಲ್ಲೂ ನಾಲ್ಕು ಗಂಟು.

“ನಂಗೆ ಬರೆಯಾಕೆ ಬರಲ್ಲ. ಚೀಲದ ಬಾಯಿ ಕಟ್ಟೋವಾಗ ಸೋಮವಾರ ಒಂದು ಗಂಟು, ಮಂಗಳವಾರ ಎರಡು, ಹಂಗೆ ಹಾಕ್ತೀನಿ. ಶೆಡ್ಡು ಸೇರಿದಾಗಿನಿಂದಲೂ ಹಂಗೇನೇ. ಬೂಷ್ಟು ಹಿಡಿದಿರೋ ಚೀಲ ಏಳು. ಏಳಕ್ಕೂ ನಾಕೇ ಗಂಟು. ಖಾನೆ ಖಾನೇದು ಬೇರೆ ಬೇರೆ ಪೇರಿಸ್ತೀನಿ, ಇವೆಲ್ಲಾ ಐದನೇ, ಆರನೇ ಖಾನೇವು.”

ಆದಿನಾರಾಯಣಪ್ಪ ದಾರಗಳನ್ನು ಒಂದೊಂದಾಗಿ ಬೆರಳಲ್ಲಿ ಹೊರಳಿಸಿದರು.

“ನಾನು ಕಳ್ಳಾಟ ಆಡೋಳಾಗಿದ್ರೆ ಬರೀ ಗುರುವಾರ ಆಡ್ತೀನಾ? ನೀವು ಬಂದಿದ್ದು ಸೋಮವಾರ. ಸೋಮವಾರದ ಡಬ್ಬೀನ ನೋಡ್ಬಿಟ್ಟು ಗುರುವಾರದ ಡಬ್ಬಿಗೂ ಸೇರಿಸಿ ಸತ್ಯ ಮಾಡ್ಬಿಟ್ರಿ.”

“ಡಬ್ಬಿಗೆ ವಾರ ಗೊತ್ತಾಗಲ್ಲಮ್ಮ.”

“ಅದನ್ನೇ ಬಂದು ಗುರುವಾರ ನೋಡಿ ಅಂತಿದ್ದೀನಿ. ಕೆಲ್ಸ ಹೋದ್ರೆ ಹೋಗ್ಲಿ. ಇನ್ನೊಂದು ಶೆಡ್ಡಲ್ಲಿ ಕೇಳಿದ್ರೆ, ಗೂಡು ಕೆಡಿಸಿದವಳು ಅಂತಾರಲ್ಲ, ಆ ಮಾತು ನಂಗೆ ಬೇಡ.”

ಆಕೆ ಹೋದ ಮೇಲೂ ಏಳು ದಾರಗಳು ಮೇಜಿನ ಮೇಲೆಯೇ ಇದ್ದವು. ಅಂದು ಒಬ್ಬ ತಾಯಿ ಮಗುವನ್ನು ತಂದಾಗ ಆದಿನಾರಾಯಣಪ್ಪ ಹಣೆ ಮುಟ್ಟಿ, “ಬಿಸಿ ಇದೆ ತಾಯಿ” ಎಂದರು. ಅಂಕಿ ಹೇಳಲಿಲ್ಲ.

ಗುರುವಾರ ಸಂಜೆ ಅವರು ಶೆಡ್ಡಿಗೆ ಹೋದಾಗ ಖಾನೆಗಳು ತುಂಬಿ ಬೀರು ಹಮ್ಮೆನ್ನುತ್ತಿತ್ತು. ಬೇಯುವ ಹುಳುವಿನ ನಾತ ಮೂಗಿಗೆ ಅಡರುತ್ತಿತ್ತು. ಸಂಜೆಯ ಆಜಾನ್ ಮುಗಿದು ಸ್ವಲ್ಪ ಹೊತ್ತಾಗಿತ್ತು. ಮನೆಯಿಂದ ಶೆಡ್ಡಿಗೆ ಬರುವ ಓಣಿಯಲ್ಲಿ ತಬ್ರೇಜನ ತಾಯಿ ಉಮ್ಮೆ ಹಬೀಬಾ ನಿಧಾನವಾಗಿ ನಡೆದು ಬಂದರು. ಕೈಯಲ್ಲಿ ಒಲೆಯ ಕೆಂಡ ತುಂಬಿದ ಮಣ್ಣಿನ ಧೂಪದಾನಿ. ಅದರ ಮೇಲೆ ಒಂದು ಚಿಟಿಕೆ ಲೋಬಾನ್ ಉದುರಿಸಿದರು. ಬಿಳಿ ಹೊಗೆ ಎದ್ದು, ಹುಳುವಿನ ನಾತದ ಜಾಗದಲ್ಲಿ ಒಂದು ಹಳೆಯ, ಸಿಹಿಯಾದ ಪರಿಮಳ ನಿಂತಿತು. ಪ್ರತಿ ಗುರುವಾರ ಹೀಗೆ ಶೆಡ್ಡನ್ನೆಲ್ಲ ಸುತ್ತಿ, ಕೊನೆಗೆ ಧೂಪದಾನಿಯನ್ನು ಗೋಡೆಯ ಮಾಡದಲ್ಲಿಟ್ಟು ಕೆಂಡ ತಾನಾಗಿ ಆರುವವರೆಗೆ ಬಿಡುವುದು ಆ ಮನೆಯ ಪದ್ಧತಿ. ಮಾಡವನ್ನು ಗೋಡೆಯಲ್ಲಿ ಬಿಡಿಸಿದ್ದು ತೀರಿಹೋದ ಅವರ ಗಂಡ.

ಮಾಡದ ನೇರ ಮೇಲೆ, ಒಂದು ಗೇಣು ಎತ್ತರದಲ್ಲಿ, ಮೊಳದುದ್ದದ ಡಬ್ಬಿಯ ಎಡತುದಿ ಇತ್ತು.

ಆದಿನಾರಾಯಣಪ್ಪನಿಗೆ ನೆನಪಾಯಿತು. ಡಬ್ಬಿ ಕೂರಿಸಿದ ದಿನ ಆ ಮಾಡದಲ್ಲಿ ಬೂದಿ ಇತ್ತು. ಡ್ರಿಲ್ ಹಿಡಿಯಲು ಅಡ್ಡವಾಗುತ್ತದೆಂದು ಅವರೇ ಧೂಪದಾನಿಯನ್ನು ಪಕ್ಕಕ್ಕೆ ಸರಿಸಿದ್ದರು. ಇದೇನು, ಯಾವಾಗ ಹಚ್ಚುತ್ತೀರಿ ಎಂದು ಕೇಳಿರಲಿಲ್ಲ.

ಅವರು ಅರ್ಧ ಗಂಟೆ ಕಾದರು. ಆಮೇಲೆ ಡಬ್ಬಿಯ ಎಡತುದಿಯ ಮೇಲೆ ಅಂಗೈ ಇಟ್ಟರು, ಬಲತುದಿಗೆ ಸರಿಸಿದರು, ಮತ್ತೆ ಎಡಕ್ಕೆ ತಂದರು. ಅಂಗೈ ಹೇಳಬೇಕಾದ್ದನ್ನು ಹೇಳಿತ್ತು. ಆದರೂ ಐಸಿನ ಮಡಕೆ ತರಿಸಿದರು. ಆರೂ ತುದಿಗಳನ್ನು ಅದ್ದಿದರು. ತಬ್ರೇಜ ಪಕ್ಕದಲ್ಲೇ ನಿಂತಿದ್ದ. ಮುನಿಲಕ್ಷ್ಮಮ್ಮ ಬೀರುವಿನ ಹತ್ತಿರ ಕೈಕಟ್ಟಿ ನಿಂತಿದ್ದರು.

ಸೊನ್ನೆ. ಎರಡು. ನಾಲ್ಕು. ಐದು. ಏಳು. ಒಂಬತ್ತು.

“ಒಂದೇ ಮಡಕೆ,” ಎಂದ ತಬ್ರೇಜ. “ಒಂದೇ ನೀರು. ಆರು ಥರ ಹೇಳ್ತಿದೆ?”

ಆದಿನಾರಾಯಣಪ್ಪ ಧೂಪದಾನಿಯ ಕಡೆ ನೋಡಿದರು. ತಬ್ರೇಜನ ಕಣ್ಣೂ ಅಲ್ಲಿಗೆ ಹೋಯಿತು.

“ಕೆಂಡದ ಬಿಸಿ! ಅಂದ್ರೆ ಲೋಬಾನ್‌ದು ಇದೆಲ್ಲ. ಅಯ್ಯೋ ಅಮ್ಮಿ, ಎಷ್ಟು ಸಲ ಹೇಳ್ದೆ ನಿನಗೆ, ಮನೆ ಒಳಗೆ ಹಚ್ಚು ಸಾಕು ಅಂತ. ಏಳು ಚೀಲ ಹಾಳಾಯ್ತಲ್ಲ!”

ಉಮ್ಮೆ ಹಬೀಬಾ, ಎಪ್ಪತ್ತರ ಮುದುಕಿ, ಕಾಲು ಎಳೆಯುತ್ತಾ ಬಂದು, ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು, ಧೂಪದಾನಿಯನ್ನು ಎತ್ತಿಕೊಳ್ಳಲು ಬಾಗಿದರು.

ಆ ಕ್ಷಣದಲ್ಲಿ ಆದಿನಾರಾಯಣಪ್ಪ ಸುಮ್ಮನಿದ್ದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಮುನಿಲಕ್ಷ್ಮಮ್ಮನ ಕೆಲಸ ಉಳಿಯುತ್ತಿತ್ತು. ಡಬ್ಬಿಯ ಹೆಸರು ಉಳಿಯುತ್ತಿತ್ತು. ಅಜ್ಜಿಯ ಲೋಬಾನ್ ಒಳಮನೆ ಸೇರುತ್ತಿತ್ತು, ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಅವರು ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ಇದ್ದದ್ದೂ ನಿಜ.

“ಬೂಬಮ್ಮ, ಅಲ್ಲೇ ಇಡಿ ಅದನ್ನ,” ಎಂದರು.

“ಬೇಡಪ್ಪ ನಾರಾಣಪ್ಪ. ನನ್ನಿಂದ ಯಾರ್ಗೂ ತೊಂದ್ರೆ ಬೇಡ.”

“ನಿಮ್ಮಿಂದ ಅಲ್ಲ. ಇಡಿ ಅಮ್ಮ, ಕೈ ಸುಟ್ಕೋತೀರಿ.”

ಅವರು ಕರೆಂಟು ತೆಗೆದು ಡಬ್ಬಿಯ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದರು. ಒಳಗೆ ಕಂದುಬಣ್ಣದ ಹೈಲಂ ಹಲಗೆ. ಕರೆಂಟಿನ ಬೋರ್ಡುಗಳಿಗೆ ಹಾಕುವಂಥದು, ತೆಳ್ಳಗೆ, ಹಗುರ. ಅದರ ಉದ್ದಕ್ಕೆ ಸಾಲಾಗಿ ಆರು ಜೊತೆ ಸ್ಕ್ರೂ. ಎಡತುದಿಯಲ್ಲಿ ಆ ಒಂದು ಕಾಳು.

“ಬಾವಿ ಆಳ ಎಲ್ಲಿಂದ ಅಳೀತೀವಿ? ಕಟ್ಟೆಯಿಂದ,” ಎಂದರು. ತಬ್ರೇಜನಿಗೆ ಹೇಳುತ್ತಿದ್ದರೂ ಕಣ್ಣು ಮುನಿಲಕ್ಷ್ಮಮ್ಮನ ಕಡೆಯೇ ಇತ್ತು. “ಆರು ಜನ ಆರು ಕಡೆ ನಿಂತು ಹಗ್ಗ ಬಿಡ್ತಾರೆ. ಕಟ್ಟೆ ಎಷ್ಟು ಎತ್ತರ ಅಂತ ಹೇಳೋನು ಒಬ್ಬನೇ, ಈ ಕಾಳು. ಕಟ್ಟೆ ಮಟ್ಟವಾಗಿದ್ರೆ ಒಬ್ಬ ಸಾಕು. ಅವನು ನಿಂತಿರೋ ಮೂಲೆ ಮಾತ್ರ ಎತ್ತರ ಆದ್ರೆ, ಆ ಎತ್ತರಾನೇ ಆರೂ ಜನದ ಲೆಕ್ಕಕ್ಕೂ ಸೇರತ್ತೆ. ದೂರ ಇರೋನಿಗೆ ಜಾಸ್ತಿ ಸುಳ್ಳು. ಆರನೇ ಖಾನೇಲಿ ಐವತ್ತೊಂದೇ ಇದ್ದಿದ್ದು. ಡಬ್ಬಿ ಅರವತ್ತು ಅಂತ ಓದ್ಕೊಂಡು ಹೀಟರ್ ಆರಿಸ್ಬಿಡ್ತು. ಹುಳು ಒಣಗಲಿಲ್ಲ.”

“ಅದಕ್ಕೇ ಹೇಳಿದ್ದು, ಕೆಂಡ...”

“ಕೆಂಡ ಇವತ್ತು. ನಾಳೆ ಕಿಟಕಿ ಬಿಸಿಲು, ನಾಡಿದ್ದು ಫ್ಯಾನ್ ಗಾಳಿ. ಅದನ್ನೆಲ್ಲ ತಡೀಲಿ ಅಂತಲೇ ಇಲ್ಲಿ ದಪ್ಪ ಅಲ್ಯೂಮಿನಿಯಂ ಹಲಗೆ ಹಾಕ್ಬೇಕು. ಒಂದು ಮೂಲೆ ಬಿಸಿ ಆದ್ರೆ ಪೂರ್ತಿ ಹಲಗೆ ಒಟ್ಟಿಗೆ ಬಿಸಿ ಆಗತ್ತೆ, ಆರು ಸ್ಕ್ರೂನೂ ಒಂದೇ ಥರ ಇರತ್ತೆ. ಮೊದಲ್ನೇ ಎರಡು ಡಬ್ಬಿಗೆ ಹಾಕಿದ್ದೆ. ಅದನ್ನ ಕೊಯ್ದು ತೂತು ಹಾಕೋಕೆ ಒಂದು ದಿನ ಹಿಡಿಯೋದು. ಮೂರನೇದಕ್ಕೆ ಹೈಲಂ ಹಾಕ್ದೆ. ಅರ್ಧ ಗಂಟೇಲಿ ಮುಗೀತು. ಸರಿಯಾಗೇ ತೋರಿಸ್ತು. ಅಲ್ಲಿಂದ ಎಲ್ಲದಕ್ಕೂ ಅದೇ.”

ತಬ್ರೇಜ ಕತ್ತು ಕೆರೆದುಕೊಂಡ. “ಹೋಗ್ಲಿ ಬಿಡಿ ಆದಿಯಣ್ಣ. ಗೊತ್ತಾಯ್ತಲ್ಲ. ಲಕ್ಷ್ಮಮ್ಮಾ, ನೀವು ಎಲ್ಲೂ ಹೋಗೋದು ಬೇಡ.”

ಮುನಿಲಕ್ಷ್ಮಮ್ಮ ಅಲ್ಲಾಡಲಿಲ್ಲ.

“ಸೋಮವಾರ ಎಲ್ಲರ ಮುಂದೆ ಹೇಳಿದ್ರಿ ಆದಣ್ಣ,” ಎಂದರು. ಸ್ವರ ಏರಿರಲಿಲ್ಲ. “ಇವತ್ತು ಮೂರು ಜನಕ್ಕೆ ಹೇಳ್ತಿದ್ದೀರಿ.”

ಶೆಡ್ಡಿನ ಆಚೆ ಬದಿಯಲ್ಲಿ ನೂಲು ತೆಗೆಯುವ ಹೆಂಗಸರು ಬೇಸಿನ್ನುಗಳನ್ನು ತೊಳೆದು ಹೊರಡುವ ತಯಾರಿಯಲ್ಲಿದ್ದರು. ಬಿಸಿನೀರಿನಲ್ಲಿ ದಿನವಿಡೀ ಆಡಿ ಅವರ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಆದಿನಾರಾಯಣಪ್ಪ ಬಿಚ್ಚಿದ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಅಲ್ಲಿಗೆ ನಡೆದರು. ಅದನ್ನು ಎದೆಗೆ ಒತ್ತಿಕೊಂಡು ನಿಂತರು.

“ಸೋಮವಾರ ನನ್ನ ಡಬ್ಬಿ ಸುಳ್ಳು ಹೇಳಲ್ಲ ಅಂದಿದ್ದೆ. ಅದು ಸುಳ್ಳು ಹೇಳಿದೆ. ಡಬ್ಬಿ ಕಟ್ಟಿದ್ದು ನಾನು, ಅಲ್ಯೂಮಿನಿಯಂ ಬದಲು ಹೈಲಂ ಹಾಕಿ ತಪ್ಪಾಗಿ ಕಟ್ಟಿದ್ದು ನಾನು. ಮುನಿಲಕ್ಷ್ಮಮ್ಮ ಗೂಡು ಕೆಡಿಸಿಲ್ಲ. ಆಕೆ ಕಿವಿ ಸರಿಯಾಗೇ ಹೇಳಿತ್ತು.”

ಆಮೇಲೆ ರಮ್ಯ ಎಂಬ ಚುರುಕು ಬಾಯಿಯ ಹುಡುಗಿ, “ಅಂಕಲ್, ಹಂಗಾದ್ರೆ ನನ್ನ ಮಗೂಗೆ ಹೋದ ವಾರ ನೂರೆರಡು ಅಂದ್ರಲ್ಲ, ಅದೂ ಹೈಲಂದೇನಾ?” ಎಂದಳು. ಹೆಂಗಸರೆಲ್ಲ ಘೊಳ್ಳೆಂದರು. ಆದಿನಾರಾಯಣಪ್ಪನೂ ನಗಲು ನೋಡಿದರು, ಆಗಲಿಲ್ಲ. ಮುನಿಲಕ್ಷ್ಮಮ್ಮ ಮಾತ್ರ ನಗದೆ, “ಏ, ಸುಮ್ನಿರೇ ರಮ್ಯ. ಮುಖಕ್ಕೆ ಮುಖ ಕೊಟ್ಟು ಹೇಳ್ತಿರೋವಾಗ ನಗ್ಬಾರ್ದು” ಎಂದು ಗದರಿದರು.

ಮರುದಿನ ಬೆಳಗ್ಗೆ ಆದಿನಾರಾಯಣಪ್ಪ ಹಾಲಿನ ಪಾತ್ರೆಯ ಮೇಲಿಂದ ಅಲ್ಯೂಮಿನಿಯಂ ಹಲಗೆಯನ್ನು ಎತ್ತಿಕೊಂಡರು.

“ಎಲ್ಲಿಗೆ ಅದು?” ಎಂದರು ವರಲಕ್ಷ್ಮಮ್ಮ.

“ತಬ್ರೇಜನ ಶೆಡ್ಡಿಗೆ.”

“ಬೆಕ್ಕಿಗೂ ಹೇಳ್ಬಿಟ್ಟು ಹೋಗಿ, ಹಾಲು ಕುಡೀಬೇಡ ಅಂತ.”

ಬಾಗಿಲಲ್ಲಿ ಅವರು ನಿಂತರು. ನಡೆದದ್ದನ್ನು ಹೇಳಿದರು. ಎಲ್ಲವನ್ನೂ ಕೇಳಿದ ವರಲಕ್ಷ್ಮಮ್ಮ ರುಬ್ಬುವ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮುಚ್ಚಳದ ಮೇಲಿಟ್ಟರು. “ಇದು ಸಾಕು ನಂಗೆ,” ಎಂದರು. “ಉಳಿದ ಡಬ್ಬಿಗಳಿಗೆ ಏನ್ ಮಾಡ್ತೀರಿ? ಮನೇಲಿ ಇನ್ಯಾವ ಪಾತ್ರೆ ಮೇಲೂ ಹಲಗೆ ಇಲ್ಲ.”

“ಇನ್ನೊಂಬತ್ತಿವೆ. ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾದಿಂದ ತರಿಸ್ತೀನಿ. ಒಂದೊಂದಾಗಿ.”

ಲಾಲ್ ಸಾಬರ ಹಲಗೆಯನ್ನು ಗರಗಸಕ್ಕೆ ಕೊಡಲು ಅವರಿಗೆ ಕೈ ಬರಲಿಲ್ಲ. ಬಹಳ ಹೊತ್ತು ಅದರ ಮೇಲೆ ಅಂಗೈ ಇಟ್ಟು ಕುಳಿತರು. ಹದಿನೈದು ವರ್ಷದ ಹಾಲಿನ ಜಿಡ್ಡು ಅಂಚಿನಲ್ಲಿತ್ತು. ಕೊನೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಯ್ದರು. ದಿನವಿಡೀ ಹಿಡಿಯಿತು. ತೂತು ಕೊರೆದು, ಸ್ಕ್ರೂಗಳ ಕೆಳಗೆ ಕರೆಂಟು ಹರಿಯದಂತೆ ತೆಳುವಾದ ಮೈಕಾ ಹಾಳೆ ಇಟ್ಟು, ಸೆನ್ಸರಿನ ಕಾಳನ್ನು ನಟ್ಟನಡುವೆ ಕೂರಿಸಿದರು.

ಮುಂದಿನ ಗುರುವಾರ ಉಮ್ಮೆ ಹಬೀಬಾ ಧೂಪದಾನಿ ತರಲಿಲ್ಲ. ಆದಿನಾರಾಯಣಪ್ಪ ಒಳಗೆ ಹೋಗಿ, “ಬೂಬಮ್ಮ, ಇವತ್ತು ನೀವು ಹಚ್ಚಲೇಬೇಕು. ಇಲ್ದಿದ್ರೆ ನಾನು ಸರಿ ಮಾಡಿದ್ದೀನೋ ಇಲ್ವೋ ನಂಗೇ ಗೊತ್ತಾಗಲ್ಲ” ಎಂದರು. ಮುದುಕಿ ಮಗನ ಮುಖ ನೋಡಿದರು. ತಬ್ರೇಜ ತಾನೇ ಒಲೆಯಿಂದ ಕೆಂಡ ತೋಡಿಕೊಟ್ಟ. ಹೊಗೆ ಎದ್ದಿತು. ಅರ್ಧ ಗಂಟೆಯ ನಂತರ ಐಸಿನ ಮಡಕೆಗೆ ಆರು ತುದಿ. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಒಂದು.

“ಒಂದು?” ಎಂದ ತಬ್ರೇಜ.

“ಒಂದು ಇರತ್ತೆ. ಅದನ್ನ ಇಲ್ಲ ಅಂತ ಹೇಳಲ್ಲ ನಾನು.”

ಆ ಸಂಜೆಯ ಚೀಲಕ್ಕೆ ಮುನಿಲಕ್ಷ್ಮಮ್ಮ ನಾಲ್ಕು ಗಂಟು ಹಾಕಿದರು. ಮೂರು ವಾರ ಅದು ಮೂಲೆಯಲ್ಲಿತ್ತು. ಆಮೇಲೊಂದು ಮಧ್ಯಾಹ್ನ ಅವರು ಮುಷ್ಟಿಯಲ್ಲಿ ಏನನ್ನೋ ಹಿಡಿದುಕೊಂಡು ಅಂಗಡಿಗೆ ಬಂದರು. ಆದಿನಾರಾಯಣಪ್ಪ ಇನ್ನೊಂದು ಶೆಡ್ಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೈಲಂ ಬಿಚ್ಚುತ್ತಿದ್ದರು.

“ಕೈ ಚಾಚ್ಬೇಡಿ. ಕಿವಿ ಕೊಡಿ.”

ಅವರು ಕತ್ತು ವಾಲಿಸಿದರು. ಮುನಿಲಕ್ಷ್ಮಮ್ಮ ಆರನೆಯ ಖಾನೆಯ ಗೂಡೊಂದನ್ನು ಅವರ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಒಳಗೆ ಒಣಗಿದ ಹುಳು, ಸಣ್ಣ ಗೆಜ್ಜೆಯ ಹಾಗೆ, ಗಲಗಲ ಎಂದಿತು.